ದೇವಯ್ಯನ ಸೊಕ್ಕಿದ ಮರ

ಮೈಸೂರಿನ ಪಡುವಣ ತುದಿಯಲ್ಲಿ ಇನ್ನೂ ಕಾಗೆ ಕೂಗಿಲ್ಲ, ನಲ್ಲಿಯ ಹತ್ತಿರ ದೇವಯ್ಯನ ಬಾಯಿ ಆಗಲೇ ಶುರುವಾಗಿದೆ. ಒಂಟೆತ್ತಿನ ಗಾಡಿಯ ಮೇಲೆ ಅಡ್ಡ ಮಲಗಿಸಿ ಕಟ್ಟಿದ ಪೀಪಾಯಿಗೆ ನೀರು ದಾರದಷ್ಟು ಸಣ್ಣಗೆ ಬೀಳುತ್ತಿದೆ. ಅದು ತುಂಬುವಷ್ಟರಲ್ಲಿ ಎತ್ತು ಕೆಂದ ಎರಡು ಸಲ ಗಾಡಿಯನ್ನು ಹಿಂದಕ್ಕೆ ನೂಕಿ, ನೀರನ್ನೆಲ್ಲ ದೇವಯ್ಯನ ಕಾಲ ಮೇಲೆ ಚೆಲ್ಲಿಸಿದೆ. "ನಿಂತ್ಕಳ್ಳಲಾ ಲೇ! ನಿನ್ ಮದುವೆಗೇನು ಒತ್ತಾಯ್ತಾ?" ಎಂದು ಬೈಯುತ್ತಲೇ ಅವನು ಅದರ ಗಂಗೆದೊಗಲು ಕೆರೆಯುತ್ತಾನೆ. ಕೆಂದ ಕಣ್ಣು ಮುಚ್ಚಿ ಕೊರಳು ಚಾಚುತ್ತದೆ. ದೇವಯ್ಯನ ಬೈಗುಳಕ್ಕೆ ಅದು ಹೆದರಿದ್ದನ್ನು ಈ ಬೀದಿಯಲ್ಲಿ ಯಾರೂ ಕಂಡಿಲ್ಲ.

ಪೀಪಾಯಿ ತುಂಬಿದ ಮೇಲೆ ಗಾಡಿ ಹೊಸ ಬಡಾವಣೆಯ ಕಡೆ ಹೊರಡುತ್ತದೆ. ಹೋದ ಮಳೆಗಾಲದಲ್ಲಿ ನೆಟ್ಟ ಸಸಿಗಳು ಅಲ್ಲಿ ಮುಳ್ಳುಬೇಲಿಯೊಳಗೆ ನಿಂತಿವೆ. ಸಸಿಗೆ ಎರಡು ಕೊಡ, ದಿನಕ್ಕೆ ಎಂಟು ಪೀಪಾಯಿ. ಆದರೆ ಅಲ್ಲಿಗೆ ಹೋಗಬೇಕಾದರೆ ದೊಡ್ಡ ಮರಗಳ ಸಾಲುರಸ್ತೆ ದಾಟಬೇಕು, ಆ ಸಾಲಿನ ಕೊನೆಯ ಮರದ ಮುಂದೆ ಹಾಯಬೇಕು. ಅಲ್ಲಿಗೆ ಬಂದಾಗ ದೇವಯ್ಯ ಮುಖವನ್ನು ಆಚೆಗೆ ತಿರುಗಿಸಿಕೊಳ್ಳುತ್ತಾನೆ. ಕೆಂದ ಮಾತ್ರ ಹಳೇ ಅಭ್ಯಾಸದಂತೆ ಮರದ ಬುಡಕ್ಕೆ ಎಳೆಯುತ್ತದೆ. "ಬ್ಯಾಡ ಕಣ್ಲಾ, ನಡಿ. ನಮ್ಮೋಳ್ಗೆ ಗೊತ್ತಾದ್ರೆ ನಿನ್ನೂ ಬುಡಾಕಿಲ್ಲ, ನನ್ನೂ ಬುಡಾಕಿಲ್ಲ," ಎಂದು ಹಗ್ಗ ಜಗ್ಗುತ್ತಾನೆ.

ಗಾಡಿ ತುಂಬ ನೀರಿಟ್ಟುಕೊಂಡು, ಕೈಯಾರೆ ಬೆಳೆಸಿದ ಮರಕ್ಕೆ ಒಂದು ಕೊಡ ನೀರು ಹಾಕದೆ ಹೋಗುವುದು ಎಂಥ ಕರ್ಮ! ಅದೇಕೆ ಎಂದು ಕೇಳಿದರೆ ದೇವಯ್ಯನಿಗೆ ರೇಗುತ್ತದೆ. ರೇಗಿದ ಮೇಲೆ ಹೇಳುತ್ತಾನೆ.

ಯುಗಾದಿಯ ಆಸುಪಾಸಿನಲ್ಲಿ ಈ ರಸ್ತೆಯನ್ನು ನೋಡಬೇಕು. ಜಕರಂಡ ಮರಗಳ ಎಲೆಯೆಲ್ಲ ಉದುರಿ, ಬರೀ ಕೊಂಬೆಗಳ ತುಂಬ ನೀಲಿ ಹೂ. ಮೇಲೂ ಹೂ, ಕೆಳಗೂ ಹೂ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರದಿಂದ ಬಸ್ಸು ಹತ್ತಿ ಜನ ಬರುತ್ತಾರೆ. ಬುತ್ತಿ ತರುತ್ತಾರೆ, ಮಕ್ಕಳನ್ನು ಕರೆತರುತ್ತಾರೆ, ತಲೆಯೆತ್ತಿ ಬಾಯಿ ಬಿಟ್ಟುಕೊಂಡು ನಡೆಯುತ್ತಾರೆ. ಇವಕ್ಕೆ ನೀರು ಹೊತ್ತವರು ಯಾರು ಎಂದು ಒಬ್ಬ ಪುಣ್ಯಾತ್ಮನಾದರೂ ಕೇಳಬೇಕಲ್ಲ? ಹೋದ ಸಲ ಕರೀ ಬಟ್ಟೆಯೊಳಗೆ ತಲೆ ತೂರಿಸಿ ಪಟ ತೆಗೆಯುತ್ತಿದ್ದ ದೊಡ್ಡಮನುಷ್ಯರೊಬ್ಬರು ದೇವಯ್ಯನನ್ನು ಮಾತಾಡಿಸಿದ್ದು ನಿಜ. "ಏಯ್, ಆ ಗಾಡಿ ಆಚೆಗೆಳಿ, ಪಟ ಹಾಳಾಗುತ್ತೆ," ಅಂದರು. ಇವನು ಎಳೆದ. ಅಷ್ಟೇ ಸಂಭಾಷಣೆ.

ದೇವಯ್ಯನ ಊರು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ. ಕಾಡಿನ ಅಂಚಿನಲ್ಲಿ ಎರಡೆಕರೆ ಹೊಲ. ರಾಗಿ, ಅವರೆ ಬೆಳೆದರೆ ಅರ್ಧ ಮನೆಗೆ, ಅರ್ಧ ಕಾಡುಹಂದಿಗೆ. ಪಟ್ಟಣದಲ್ಲಿ ಮರ ನೆಡುತ್ತಾರಂತೆ, ನೀರು ಹೊರುವ ಆಳು ಬೇಕಂತೆ ಎಂದು ಕೇಳಿ ಹನ್ನೊಂದು ವರ್ಷದ ಹಿಂದೆ ಮೈಸೂರಿಗೆ ಬಂದ. ಮೊದಲ ಎರಡು ಬೇಸಿಗೆ ಗಾಡಿಯೂ ಇರಲಿಲ್ಲ. ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡು ಕಡೆಗೆ ಎರಡು ಡಬ್ಬ. ಅಂಗಿ ತೆಗೆದರೆ ಆ ಅಡ್ಡೆಯ ಗುರುತು ಈಗಲೂ ಕಾಣುತ್ತದೆ. ಹೆಂಡತಿ ಚೆಲುವಮ್ಮ ಊರಿನಲ್ಲೇ ಉಳಿದು ಹೊಲ, ಹಸು, ಮಕ್ಕಳು, ಹಾಸಿಗೆ ಹಿಡಿದ ಅತ್ತೆ ಎಲ್ಲವನ್ನೂ ನೋಡಿಕೊಂಡಳು. ಇವನು ಎರಡು ತಿಂಗಳಿಗೊಮ್ಮೆ ಹೋಗಿ ನೆಂಟನಂತೆ ಉಂಡು ಬರುತ್ತಾನೆ.

ನೆಡುವ ದಿನವೇ ಸಾಲಿನ ಕೊನೆಯ ಸಸಿಯ ತುದಿಯನ್ನು ಮೇಕೆ ಮೇದಿತ್ತು. ಎಸೆದುಬಿಡು ಅಂದ ಮೇಸ್ತ್ರಿ ಕರಿಯಪ್ಪ. ದೇವಯ್ಯನಿಗೆ ಮನಸ್ಸು ಒಪ್ಪಲಿಲ್ಲ. ಗಾಯಕ್ಕೆ ಸಗಣಿ ಮೆತ್ತಿ, ಬಟ್ಟೆ ಸುತ್ತಿ, ಕಡೆಯ ಗುಂಡಿಯಲ್ಲಿ ನೆಟ್ಟ. ಅದು ಬದುಕಿತು. ಬದುಕಿದ್ದೇನು, ಉಳಿದವನ್ನೆಲ್ಲ ಮೀರಿ ಬೆಳೆಯಿತು! ಊರಿಗೆ ಹೋದಾಗಲೆಲ್ಲ ಇವನದು ಅದೇ ಪುರಾಣ: ನನ್ನ ಮರ ಅಷ್ಟೆತ್ತರ, ನನ್ನ ಮರ ಇಷ್ಟಗಲ. ಚೆಲುವಮ್ಮ ಮುದ್ದೆ ತೊಳಸುತ್ತಾ ಕೇಳುತ್ತಿದ್ದಳು. "ಒಂದಿನ ಊವ ಬುಟ್ಟಾಗ ಕರ್ಕಂಡೋಗಿ ತೋರ್ಸು ಮತ್ತೆ," ಅನ್ನುತ್ತಿದ್ದಳು. ಪ್ರತಿ ಯುಗಾದಿಗೂ ಏನಾದರೊಂದು ಅಡ್ಡಿ. ಒಮ್ಮೆ ಹಸು ಈಯಿತು, ಒಮ್ಮೆ ಮಗಳ ಬಾಣಂತನ, ಒಮ್ಮೆ ಅತ್ತೆಗೆ ಜ್ವರ.

ಒಳಗೊಳಗೆ ದೇವಯ್ಯನಿಗೆ ಆ ಅಡ್ಡಿಗಳಿಂದ ನಿರಾಳವೇ ಆಗುತ್ತಿತ್ತು. ಯಾಕೆಂದರೆ ಅವನು ಊರಲ್ಲಿ ಬಾಯಿ ಬಿಡದ ಸಂಗತಿಯೊಂದಿತ್ತು. ಸಾಲಿನ ಮರಗಳೆಲ್ಲ ಮೂರು ವರ್ಷದಿಂದ ಹೂ ಬಿಡುತ್ತಿದ್ದವು. ಅವನ ಮರ ಮಾತ್ರ ಒಂದು ಮೊಗ್ಗನ್ನೂ ಕೊಟ್ಟಿರಲಿಲ್ಲ.

ಹೋದ ವರ್ಷ ಎರಡು ಸುದ್ದಿ ಒಟ್ಟಿಗೇ ಬಂದವು. ಅತ್ತೆ ತೀರಿಕೊಂಡು ವರ್ಷವಾಯಿತು, ಹಸುವನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ, ಯುಗಾದಿ ಕಳೆದ ಸೋಮವಾರ ಚೆಲುವಮ್ಮ ಬರುತ್ತಾಳೆ ಎಂಬುದು ಒಂದು. ಮೇಸ್ತ್ರಿ ಕರಿಯಪ್ಪ ಹೇಳಿದ್ದು ಇನ್ನೊಂದು. "ಸಾಲಿನಲ್ಲಿ ಇದೊಂದೇ ಹೂವಿಲ್ಲದೆ ಎದ್ದು ಕಾಣುತ್ತೆ ಅಂತ ಕಚೇರಿಯಲ್ಲಿ ಕೇಳ್ತಾ ಅವರೆ. ಹಬ್ಬ ಕಳೆಯೋದ್ರೊಳಗೆ ಹೂ ಬಿಡ್ತೋ ಸರಿ. ಇಲ್ಲದಿದ್ರೆ ಸೋಮವಾರ ಕಡಿಸಿ, ಅಲ್ಲಿ ಬೇರೆ ಸಸಿ ಇಡೋದು." ದೇವಯ್ಯ ಕೈಮುಗಿದ, ಕಾಲಿಗೆ ಬೀಳಲು ಬಗ್ಗಿದ. "ಬುದ್ಧಿ, ಬುಡ್ತದೆ ಬುದ್ಧಿ, ಈ ಸಾರಿ ಬುಟ್ಟೇ ಬುಡ್ತದೆ," ಎಂದ. ಆಮೇಲೆ ತನಗೆ ಗೊತ್ತಿದ್ದ ಒಂದೇ ಒಂದು ಉಪಾಯ ಮಾಡಿದ. ಇನ್ನಷ್ಟು ನೀರು ಹಾಕಿದ.

ಬೆಳಿಗ್ಗೆ ಹೋಗುವಾಗ ನಾಲ್ಕು ಕೊಡ, ಸಂಜೆ ಬರುವಾಗ ಪೀಪಾಯಿಯಲ್ಲಿ ಉಳಿದದ್ದೆಲ್ಲ. ಕೆಂದನನ್ನು ಕಟ್ಟುತ್ತಿದ್ದದ್ದೂ ಅದರ ಬುಡದಲ್ಲೇ, ಮೈತೊಳೆಸುತ್ತಿದ್ದದ್ದೂ ಅಲ್ಲೇ. ಸಗಣಿ ಗಂಜಲವೆಲ್ಲ ಅಲ್ಲೇ. ಮರವೋ ಎಲೆಯ ಮೇಲೆ ಎಲೆ ಹೊದ್ದು, ಹಸಿರು ಗುಡ್ಡವಾಗಿ ನಿಂತಿತು. ಸುತ್ತಲೂ ಎಲ್ಲ ನೀಲಿ. "ನಾನು ಇನ್ನೇನು ಮಾಡ್ಲಿ ಸಾಮಿ? ಎತ್ತ ಮಗಿಗೂ ಅಷ್ಟು ಮಾಡಿಲ್ಲ. ತಿಂದು ಕುಡ್ದು ನನ್ನೇ ಅಣಕುಸ್ತಾ ನಿಂತಿತ್ತು, ಕಳ್ಳಂದು!" ಎಂದು ದೇವಯ್ಯ ಇವತ್ತಿಗೂ ಹಲ್ಲು ಕಡಿಯುತ್ತಾನೆ.

ಸೋಮವಾರ ಚೆಲುವಮ್ಮ ಬಂದಳು. ಒಬ್ಬಳೇ ಅಲ್ಲ, ನಾದಿನಿ ಮಲ್ಲಾಜಮ್ಮನನ್ನೂ ಊರಿನ ನಾಲ್ಕು ಹೆಂಗಸರನ್ನೂ ಕಟ್ಟಿಕೊಂಡು ಬಂದಳು. ಕತ್ತಲಲ್ಲೇ ಹುಣಸೂರಿಗೆ ನಡೆದು, ಅಲ್ಲಿ ಮೊದಲ ಬಸ್ಸು ಹಿಡಿದು, ಇಳಿಯುವಾಗಲೇ ಅರ್ಧ ಜನಕ್ಕೆ ತಲೆಸುತ್ತು. ಸಾಲುರಸ್ತೆ ನೋಡಿ ಎಲ್ಲರೂ "ಅಬ್ಬಬ್ಬಾ!" ಎಂದರು. ಮಲ್ಲಾಜಮ್ಮ ಬಿದ್ದ ಹೂವನ್ನು ಮಡಿಲಿಗೆ ತುಂಬಿಕೊಂಡಳು. ಚೆಲುವಮ್ಮ ಮಾತ್ರ ಒಂದೊಂದು ಮರವನ್ನೂ ತೋರಿಸಿ, "ಇದಾ ನಿಂದು? ಇದಾ?" ಎಂದು ಕೇಳುತ್ತಾ ಬಂದಳು. ದೇವಯ್ಯ ಅಲ್ಲ, ಅಲ್ಲ ಎನ್ನುತ್ತಾ ನಡೆದ. ಕೊನೆಗೆ ಮರವೂ ಮುಗಿಯಿತು, ದಾರಿಯೂ ಮುಗಿಯಿತು.

ಚೆಲುವಮ್ಮ ಹಸಿರು ಮರವನ್ನು ನೋಡಿದಳು. ಬುಡದ ಕೆಸರನ್ನು ನೋಡಿದಳು. ಸಗಣಿ ನೋಡಿದಳು, ಕಟ್ಟಿಹಾಕಿದ ಎತ್ತನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ಅಲ್ಲಾ, ನಿಂಗೇನು ಬುದ್ಧಿಗಿದ್ಧಿ ಅದಾ? ಅವರೆ ಒಲಕ್ಕೆ ಗೊಬ್ರ ಜಾಸ್ತಿಯಾದ್ರೆ ಏನಾಯ್ತದೆ?"

"ಸೊಕ್ತದೆ. ಬರೀ ಎಲೆ."

"ಕಾಯಿ?"

ದೇವಯ್ಯ ಕೆಂದನ ಬೆನ್ನ ಮೇಲಿನ ನೊಣ ಓಡಿಸಿದ.

"ಇದೂ ಸೊಕ್ಕೈತೆ. ಈ ಪಾಟಿ ತಿನ್ಸಿ ಕುಡ್ಸಿ ಮಾಡಿದ್ರೆ ಅದ್ಯಾಕೆ ಊವ ಬುಟ್ಟಾತು? ಒಲ ಗೇದೋನು ಅನ್ನೋದೂ ಮರ್ತೋಯ್ತಾ ಪಟ್ಟಣಕ್ಕೆ ಬಂದು?" ನಾಲ್ಕು ಹೆಂಗಸರ ಮುಂದೆ, ನಡುಬೀದಿಯಲ್ಲಿ. ಮಲ್ಲಾಜಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ದೇವಯ್ಯ ನೊಗದ ಹಗ್ಗವನ್ನು ಸುಮ್ಮಸುಮ್ಮನೆ ಬಿಚ್ಚಿ ಕಟ್ಟಿದ.

ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಹೂ ಬಿಟ್ಟ ಮರಗಳಲ್ಲಿ ಎಲೆಯಿಲ್ಲ. ಎಲೆಯಿಲ್ಲದ ಮೇಲೆ ನೆರಳೆಲ್ಲಿ? ಇಡೀ ರಸ್ತೆಯಲ್ಲಿ ಕೂತು ಬುತ್ತಿ ಬಿಚ್ಚಲು ಜಾಗವಿದ್ದದ್ದು ಒಂದೇ ಮರದ ಕೆಳಗೆ. ಬೈದು ಮುಗಿಸಿದ ಹೆಂಗಸರು ಸಗಣಿ ಬಾಚಿ, ಕೆಸರಿಲ್ಲದ ಕಡೆ ಕಂಬಳಿ ಹಾಸಿ ಕೂತರು. ಪಿರಿಯಾಪಟ್ಟಣದ ಸಂಸಾರವೊಂದು "ಸ್ವಲ್ಪ ಸರ್ಕೊಳ್ರಮ್ಮ," ಎಂದು ಬಂತು. ಪಟ ತೆಗೆಯುವವರು ಪೆಟ್ಟಿಗೆ ಹೊತ್ತು ಬಂದರು. ದೇವಯ್ಯನ ಮರದ ಕೆಳಗೆ ಸಂತೆ ನೆರೆಯಿತು. ಹಾಳಾದ್ದು, ಎಲ್ಲರೂ ಅಲ್ಲಿ ಕೂತು ನೋಡುತ್ತಿದ್ದದ್ದು ಮಾತ್ರ ಬೇರೆ ಮರಗಳ ಹೂವನ್ನು.

ಮೇಸ್ತ್ರಿ ಕರಿಯಪ್ಪ ಕೊಡಲಿಯ ಇಬ್ಬರು ಆಳುಗಳೊಡನೆ ಬಂದದ್ದು ಆ ಹೊತ್ತಿಗೆ. "ಏಳ್ರಮ್ಮ, ಏಳ್ರಿ, ಮರ ಕಡೀಬೇಕು."

"ಊಟಕ್ಕೆ ಕುಂತೋರನ್ನ ಏಳುಸ್ತೀರಾ?" ಎಂದಳು ಮಲ್ಲಾಜಮ್ಮ. ಪಿರಿಯಾಪಟ್ಟಣದವರ ಮಗು ಆಗ ತಾನೇ ನಿದ್ದೆ ಹೋಗಿತ್ತು. ಅದರ ತಾಯಿ ಮೇಸ್ತ್ರಿಯ ಕಡೆ ನೋಡಿದ ನೋಟಕ್ಕೆ ಅವನು ದನಿ ತಗ್ಗಿಸಿದ. ಊಟವಾಗಲಿ ಎಂದ. ಊಟವಾಯಿತು, ಎಲೆ ಅಡಿಕೆಯಾಯಿತು, ಯಾರೂ ಏಳಲಿಲ್ಲ. ಹೊರಗೆ ಬಿಸಿಲು ಸುಡುತ್ತಿತ್ತು. ಕೊಡಲಿಯವರು ಕೊಡಲಿಯನ್ನು ತಲೆದಿಂಬಿಗೆ ಇಟ್ಟುಕೊಂಡು ಅಲ್ಲೇ ಅಡ್ಡಾದರು. ಮೇಸ್ತ್ರಿ ಛತ್ರಿ ಮಡಚಿ, ಬೇರಿನ ಮೇಲೆ ಕೂತು, ಬೆವರು ಒರೆಸಿಕೊಂಡ.

ಬಿಸಿಲಿಳಿದ ಮೇಲೆ ಮರ ಉಳಿಸಿಕೊಡಿ ಎಂದು ಬಾಯಿ ಗಟ್ಟಿಯಿದ್ದ ಚೆಲುವಮ್ಮನೇ ಮೇಸ್ತ್ರಿಯ ಹತ್ತಿರ ಕೇಳಬೇಕಿತ್ತು. ಆದರೆ ಅವಳು ಅಷ್ಟು ಹೊತ್ತಿಗೆ ಸೆರಗು ಮುಖಕ್ಕೆಳೆದುಕೊಂಡು ಮಲಗಿಬಿಟ್ಟಿದ್ದಳು. ದೇವಯ್ಯನೇ ಹೋಗಿ, ತಪ್ಪು ಮರದ್ದಲ್ಲ, ತನ್ನದು ಎಂದು ಒಪ್ಪಿಕೊಂಡ. ಒಂದು ವರ್ಷ ಕೊಡಿ ಬುದ್ಧಿ, ಇನ್ನು ಹನಿ ನೀರು ಹಾಕಲ್ಲ ಎಂದ. ಕರಿಯಪ್ಪ ಮೇಲೆ ನೋಡಿದ, ಸುತ್ತ ನೋಡಿದ. "ಒಂದೇ ವರ್ಷ. ಆಮೇಲೆ ನನ್ನನ್ನ ಕೇಳಬೇಡ," ಎಂದು ಆಳುಗಳನ್ನು ಎಬ್ಬಿಸಿಕೊಂಡು ಹೋದ.

ಅಲ್ಲಿಂದ ಶುರುವಾಯಿತು ದೇವಯ್ಯನ ವನವಾಸ. ಕೆಂದನ ಗೂಟ ಬೇರೆ ಕಡೆಗೆ ಹೋಯಿತು. ಮಳೆಗಾಲ ಕಳೆದ ಮೇಲೆ ಮರಕ್ಕೆ ಒಂದು ತೊಟ್ಟು ನೀರಿಲ್ಲ. ಹುಣಸೂರಿನ ಬಸ್ಸಿನಲ್ಲಿ ಯಾರೇ ಬರಲಿ, ಚೆಲುವಮ್ಮನ ಮಾತು ಹೊತ್ತೇ ಬರುತ್ತಾರೆ: ನೀರು ಹಾಕಿಲ್ಲ ತಾನೆ? "ಸೊಪ್ಪು ಮಾರೋಳೂ ಕೇಳ್ತಾಳೆ, ಕಂಡಕ್ಟರ್ರೂ ಕೇಳ್ತಾನೆ. ನಾನೇನು ಕಳ್ಳನಾ?" ಎಂದು ದೇವಯ್ಯ ಸಿಡುಕುತ್ತಾನೆ. ಆದರೂ ಹೋದ ತಿಂಗಳು ಎಲೆ ಹಳದಿಯಾಗಿ ಉದುರತೊಡಗಿದಾಗ ಅವನಿಗೆ ತಡೆಯಲಾಗಲಿಲ್ಲ. ಕೊಡ ತುಂಬಿ ಬುಡದವರೆಗೂ ಒಯ್ದ. ಅಲ್ಲೇ ನಿಂತ. ಹೆಂಡತಿಯ ಮುಖ ನೆನಪಾಗಿ, ಕೊಡವನ್ನು ಹಾಗೇ ವಾಪಸು ತಂದು ಕೆಂದನ ಮುಂದೆ ಇಟ್ಟ.

ಈಗ ಮರದ ಮೇಲೆ ಒಂದೂ ಎಲೆಯಿಲ್ಲ. ಮೊನ್ನೆ ಮೂಡಣ ಕಡೆಯ ಕೊಂಬೆಯ ತುದಿಯಲ್ಲಿ ಮೊಗ್ಗಿನ ಗೊಂಚಲು ಕಂಡಿದೆ. ನಿನ್ನೆ ಇನ್ನೂ ಮೂರು ಕಡೆ. ಮೇಸ್ತ್ರಿ ಕರಿಯಪ್ಪನೂ ಬಂದು ನೋಡಿ, ತಲೆಯಾಡಿಸಿ ಹೋದ. ಇನ್ನು ಕೊಡಲಿಯ ಮಾತಿಲ್ಲ. ಯುಗಾದಿ ಕಳೆದ ಸೋಮವಾರ ಚೆಲುವಮ್ಮ ಮತ್ತೆ ಬರುತ್ತಾಳಂತೆ. ಅಂತೂ ಸಂತೋಷವಾಯಿತಲ್ಲ ಎಂದರೆ ದೇವಯ್ಯ ಗಾಡಿಯ ಮೂಕಿ ಹಿಡಿದು ನಿಂತುಬಿಡುತ್ತಾನೆ.

"ಎಂಥ ಸಂತೋಸ ಸಾಮಿ? ಊವ ಬುಟ್ರೆ ನೆಳ್ಳೆಲ್ಲೈತೆ? ಓದ ಸಾರಿ ಅವಳು ಅಲ್ಲಿ ಮಲಗಿದ್ಲಲ್ಲ, ನಮ್ ಮದುವೆಯಾಗಿ ಇಷ್ಟ್ ವರ್ಸಕ್ಕೆ ಅಗಲೊತ್ತು ಅವಳು ಕಣ್ ಮುಚ್ಚಿದ್ದ ನಾನು ಕಂಡಿದ್ದು ಅವತ್ತೇಯ. ಬಸ್ಸಿಗೆ ಒತ್ತಾಯ್ತು, ಎಬ್ಸು ಎಬ್ಸು ಅಂತ ಮಲ್ಲಾಜಿ ಬಡ್ಕತಾ ಇದ್ಲು. ನಂಗೆ ಕೈ ಬರ್ನಿಲ್ಲ. ಬಸ್ಸು ಒಂಟೋಯ್ತು. ಅವತ್ತು ಆರು ಜನದ ಕೈಲೂ ಉಗುಸ್ಕಂಡೆ."

ಕೆಂದ ಮುಂದಕ್ಕೆ ಎಳೆಯುತ್ತದೆ. ದೇವಯ್ಯ ಹಗ್ಗ ಬಿಗಿ ಹಿಡಿದು, ಬೋಳು ಕೊಂಬೆಗಳನ್ನೊಮ್ಮೆ, ಗಾಡಿಯ ಗೂಟಗಳನ್ನೊಮ್ಮೆ ಕಣ್ಣಲ್ಲೇ ಅಳೆಯುತ್ತಾನೆ.

"ಈ ಸಾರಿ ಗಾಡಿಯಿಂದ ಆ ಕೊಂಬ್ಗೆ ಕಂಬ್ಳಿ ಕಟ್ತೀನಿ. ಊವ ನೋಡ್ಲಿ, ಉಣ್ಲಿ, ಮಲಗ್ಲಿ. ಬಸ್ಸು ಓದ್ರೆ ಓಗ್ಲಿ, ಈ ಸಾರೀನೂ ಎಬ್ಸಾಕಿಲ್ಲ."