ಮೂರನೆಯ ಮಹಡಿಯ ಉಪವಾಸ

ಪಕ್ಕದ ಮನೆಯಲ್ಲಿ ಇವತ್ತು ಏಕಾದಶಿ. ತುಪ್ಪದಲ್ಲಿ ಜೀರಿಗೆ ಸಿಡಿದು, ಅದರ ಮೇಲೆ ನೆನೆದ ಸಾಬೂದಾಣಿಯೂ ಶೇಂಗಾಪುಡಿಯೂ ಬಿದ್ದ ವಾಸನೆ ಬೆಳಗಿನಿಂದ ನಮ್ಮ ಬಾಗಿಲಲ್ಲಿ ನಿಂತಿದೆ. ಬೇರೆಯವರಿಗೆ ಇದರಿಂದ ಭಕ್ತಿ ಹುಟ್ಟಬಹುದು, ಹಸಿವಾದರೂ ಹುಟ್ಟಬಹುದು. ನನಗೆ ಹುಟ್ಟುವುದು ದಣಿವು. ಏಕೆಂದು ಹೇಳುತ್ತೇನೆ, ಕುಳಿತುಕೊಳ್ಳಿ.

ಎಪ್ಪತ್ತರ ದಶಕದ ಕೊನೆಯ ಮಾತು. ಮುಂಬೈ ಹತ್ತಿರದ ಡೊಂಬಿವಲಿಯ ಇದೇ ಕಟ್ಟಡ, ಇದೇ ಮೂರನೆಯ ಮಹಡಿ. ಲಿಫ್ಟು ಆಗಲೂ ಇರಲಿಲ್ಲ, ಈಗಲೂ ಇಲ್ಲ. ನನಗೆ ಠಾಣೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಬೆಳೆದದ್ದು ವಿಜಾಪುರದ ಒಂದು ಬೋರ್ಡಿಂಗಿನಲ್ಲಿ: ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಆ ಗಂಟೆ ನನ್ನೊಳಗೆ ಇನ್ನೂ ಹೊಡೆಯುತ್ತಲೇ ಇತ್ತು. ಉಗುರು ಕತ್ತರಿಸುವುದಕ್ಕೂ ನನ್ನಲ್ಲಿ ಗೊತ್ತುಪಡಿಸಿದ ವಾರವಿತ್ತು. ದೇಹ ಮಾತ್ರ ಏನು ತಿಂದರೂ ಹಂಚಿಕಡ್ಡಿಯಷ್ಟೇ ಸಣಕಲು. ಇದನ್ನು ನೆನಪಿಟ್ಟುಕೊಳ್ಳಿ, ಈ ಕಥೆಯಲ್ಲಿ ನನ್ನ ಅಪರಾಧವೇ ಇದು.

ಎರಡನೆಯ ಹೆರಿಗೆಯ ನಂತರ ಹೆಂಡತಿ ಸುಶೀಲಾ ದಪ್ಪಗಾದಳು, ಮೊಣಕಾಲು ನೋಯತೊಡಗಿದವು. ಕೆಳಗಿನ ಓಣಿಯ ಮರಾಠಿ ಡಾಕ್ಟರು ಹನ್ನೆರಡು ಕಿಲೋ ಇಳಿಯಲೇಬೇಕೆಂದರು. ಇಲ್ಲವಾದರೆ ಕೆಲವೇ ವರ್ಷಗಳಲ್ಲಿ ಮೆಟ್ಟಿಲು ಮರೆಯಬೇಕು ಎಂದರು. ಅದು ಬರಿಯ ಬೆದರಿಕೆಯಲ್ಲವೆಂದು ನಮಗೆ ಗೊತ್ತಿತ್ತು. ಎರಡನೆಯ ಮಹಡಿಯ ಅಜ್ಜಿಯೊಬ್ಬರು ಕೆಳಗಿಳಿಯದೆ ನಾಲ್ಕು ವರ್ಷವಾಗಿತ್ತು. ಕಿಟಕಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಟ್ಟು ತರಕಾರಿ ತರಿಸುತ್ತಿದ್ದರು.

"ನಾನೂ ಹಂಗ ಬುಟ್ಟಿ ಇಳಿಬಿಡೂದೇನ್ರಿ?" ಎಂದು ಸುಶೀಲಾ ಕೇಳಿದಳು. ಅವಳ ದನಿಯಲ್ಲಿ ನಗೆಯಿರಲಿಲ್ಲ.

ನಾನು ಪೆನ್ಸಿಲು ತೆಗೆದುಕೊಂಡು ಕ್ಯಾಲೆಂಡರಿನ ಮುಂದೆ ನಿಂತೆ. ಸೋಮವಾರ, ಗುರುವಾರ, ಎರಡು ಏಕಾದಶಿ, ಒಂದು ಸಂಕಷ್ಟಿ: ತಿಂಗಳಿಗೆ ಹನ್ನೊಂದು ಉಪವಾಸ. ಪುಣ್ಯಕ್ಕೆ ಪುಣ್ಯ, ತೂಕಕ್ಕೆ ತೂಕ. ಆದರೆ ನಮ್ಮ ಮನೆಯಲ್ಲಿ ಉಪವಾಸವೆಂದರೆ ಹಾಲು, ಒಂದು ಬಾಳೆಹಣ್ಣು, ಮುಗಿಯಿತು. ಇಲ್ಲಿ ಉಪವಾಸಕ್ಕೆ ಬೇರೆಯೇ ಒಂದು ಅಡುಗೆಮನೆ ಇದೆ. ಸಾಬೂದಾಣಿ ಖಿಚಡಿ, ಬಟಾಟೆ ಪಲ್ಯ, ಗೆಣಸಿನ ತುರಿಗೆ ತುಪ್ಪ ಸಕ್ಕರೆ, ಶೇಂಗಾದ ಆಮಟಿ ಎಂಬ ಸಾರು. ಪಕ್ಕದ ಮನೆಯ ಮರಾಠಿ ಗೃಹಿಣಿ ಒಂದೊಂದಾಗಿ ಕಲಿಸಿದರು, ಸುಶೀಲಾ ಶ್ರದ್ಧೆಯಿಂದ ಕಲಿತಳು. ಮೂರು ತಿಂಗಳಿಗೆ ಎರಡು ಕಿಲೋ ಏರಿತು. ನಾನು ಡಾಕ್ಟರ ತೂಕದ ಯಂತ್ರವನ್ನು ಸಂಶಯಿಸಿದೆ.

ಡಾಕ್ಟರು ಏನೇನು ತಿನ್ನುತ್ತೀರೆಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ವಹಿನಿ, ಹಾ ಉಪಾಸ ಆಹೆ ಕೀ ಮೇಜವಾನಿ?" ಉಪವಾಸವೋ ಔತಣವೋ ಎಂದು. ನನ್ನ ಕಡೆ ತಿರುಗಿ, "ಔರ್ ಆಪ್ ತೋ ಪಢೇಲಿಖೇ ಹೈಂ!" ಎಂದರು, ನೀವಾದರೂ ಓದಿದವರಲ್ಲವೇ ಎಂದು.

ಕ್ಯಾಲೆಂಡರಿನ ಉಪವಾಸಗಳನ್ನು ಅಳಿಸಿ ಹೊಸ ಪಟ್ಟಿ ಬರೆದೆ. ಒಂದು ಹೊತ್ತಿಗೆ ಒಂದೂವರೆ ಜೋಳದ ರೊಟ್ಟಿ, ಸೊಪ್ಪು, ಬೇಳೆ, ನೀರು ಮಜ್ಜಿಗೆ, ಚಹಾಕ್ಕೆ ಸಕ್ಕರೆಯಿಲ್ಲ, ಸಂಜೆ ಸ್ಟೇಶನ್ನಿನವರೆಗೆ ನಡಿಗೆ. ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ವರ್ಷ ತುಂಬುವುದರೊಳಗೆ ಹನ್ನೊಂದು ಕಿಲೋ ಇಳಿದವು. ಪಟ್ಟಿ ಕಿತ್ತು ಮಡಚಿಟ್ಟು, "ಮುಗೀತ ನೋಡು, ಪಾಸ್ ಆದಿ," ಎಂದೆ. ಎರಡು ವರ್ಷದಲ್ಲಿ ಹನ್ನೊಂದೂ ತಿರುಗಿ ಬಂದವು, ಜೊತೆಗೆ ಇನ್ನೊಂದನ್ನು ಕರೆದುಕೊಂಡು.

ಮತ್ತೆ ಪಟ್ಟಿ ಅಂಟಿಸಿದೆ. ಈ ಸಲ ತೂಕದ ಮುಳ್ಳು ಕದಲಲಿಲ್ಲ. "ಕದ್ದು ಏನ ತಿಂತಿ?" ಎಂದು ಕೇಳಿದ್ದೂ ಉಂಟು. ಉತ್ತರ ಒಂದು ರವಿವಾರ ಮಧ್ಯಾಹ್ನ ನನಗೇ ಸಿಕ್ಕಿತು. ನಾನೂ ಮಕ್ಕಳೂ ಉಂಡು ಎದ್ದಿದ್ದೆವು. ನೀರಿಗೆಂದು ಅಡುಗೆಮನೆಗೆ ಹೋದರೆ ಅವಳು ನೆಲದ ಮೇಲೆ ಒಬ್ಬಳೇ ಕುಳಿತು ಬೋಗುಣಿಯ ತಳದ ಅನ್ನ ಬಳಿದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಮಕ್ಕಳು ಬಿಟ್ಟ ಚಪಾತಿ ತುಂಡು, ನಾನು ತಾಟಿನಲ್ಲಿ ಉಳಿಸಿದ್ದ ಪಲ್ಯ.

ನನ್ನನ್ನು ನೋಡಿಯೂ ಅವಳು ಕೈ ನಿಲ್ಲಿಸಲಿಲ್ಲ. "ಅನ್ನ ಚೆಲ್ಲಬೇಕೇನ್ರಿ? ನನ್ನ ಒಂದೂವರಿ ರೊಟ್ಟಿ ನಿಮ್ಮ ಹಾಳ್ಯಾಗ ಅದ. ಇದನ್ನ ಎಲ್ಲಿ ಬರದೀರಿ, ತೋರಸ್ರಿ."

ನಾನು ಬಾಗಿಲಿನ ಪಟ್ಟಿಯ ಕಡೆ ನೋಡಿದೆ.

"ಗಂಟಿ ಹೊಡದು ಹೋಗೂದು ನಿಮ್ಮ ಕೆಲಸ. ಒಂದ ವರ್ಷ ನನ್ನಂಗ ಉಂಡು ನೋಡ್ರಿ, ಆಮ್ಯಾಲ ಪಟ್ಟಿ ಬರೀರಿ."

ನನ್ನ ತಾಯಿ ಹೀಗೆಯೇ ಉಂಡಳು, ಸುಶೀಲಾಳ ತಾಯಿಯೂ. ಎಲ್ಲರೂ ಎದ್ದ ಮೇಲೆ, ಪಾತ್ರೆಯಿಂದಲೇ. ಅದನ್ನು ಊಟವೆಂದು ಯಾರೂ ಎಣಿಸಲಿಲ್ಲ. ಎಲ್ಲವನ್ನೂ ಎಣಿಸುವ ನಾನೂ ಎಣಿಸಲಿಲ್ಲ.

ಮರುದಿನದಿಂದ ನಾಲ್ವರೂ ಒಟ್ಟಿಗೆ ಕುಳಿತೆವು. ಅಕ್ಕಿ ಒಂದು ವಾಟಿ ಕಡಿಮೆ. ತಾಟಿಗೆ ಬಡಿಸಿಕೊಂಡದ್ದನ್ನು ಬಡಿಸಿಕೊಂಡವರೇ ಮುಗಿಸಬೇಕು. ನನಗೂ ಒಂದೂವರೆ ರೊಟ್ಟಿ. ನಾಲ್ಕನೆಯ ದಿನ ಮಧ್ಯಾಹ್ನ ಮೂರಕ್ಕೆ ಕಾರ್ಖಾನೆಯಲ್ಲಿ ಕಾರಣವಿಲ್ಲದೆ ಒಬ್ಬರ ಮೇಲೆ ರೇಗಿದೆ. ಆಗ ಅರ್ಥವಾಯಿತು, ಇದೇ ಹಸಿವಿನಲ್ಲಿ ಮೂರು ಗಂಟೆಗೆ ಅವಳು ಯಾರ ಮೇಲೂ ರೇಗದೆ ಅಕ್ಕಿ ಆರಿಸುತ್ತಿದ್ದಳೆಂದು. ಆರು ತಿಂಗಳಿಗೆ ನಾನು ಅಂಗಿ ನೇತುಹಾಕಿದ ಗೂಟದಂತಾದೆ. ಡಾಕ್ಟರೇ ಗದರಿಸಿ ನನಗೆ ಅರ್ಧ ರೊಟ್ಟಿ ಹೆಚ್ಚಿಸಿದರು. ಅವಳ ತೂಕ ಮೊದಲಿಗಿಂತ ನಿಧಾನವಾಗಿ ಇಳಿಯಿತು. ಇಳಿದು ನಿಂತಿತು.

ನಿಂತಿತು ಎನ್ನುವುದು ಸುಲಭ. ಇಳಿಸುವುದಕ್ಕೆ ಪರೀಕ್ಷೆಯಂತೆ ಒಂದು ಕೊನೆಯ ದಿನವಿರುತ್ತದೆ, ಉಳಿಸಿಕೊಳ್ಳುವುದಕ್ಕೆ ಇಲ್ಲ. ಎಂಬತ್ತರ ದಶಕ ಪೂರ್ತಿ ಪ್ರತಿ ದೀಪಾವಳಿಗೆ ಚಕ್ಕುಲಿ ಅರ್ಧ, ಪ್ರತಿ ಮದುವೆಯಲ್ಲಿ ಶ್ರೀಖಂಡ ಒಂದೇ ಚಮಚ. ವಿಜಾಪುರಕ್ಕೆ ಹೋದರೆ ಅವಳ ಸೋದರತ್ತೆ, "ಯಾಕವಾ, ಗಂಡನ ಮನ್ಯಾಗ ಕೂಳಿಲ್ಲೇನು?" ಎಂದು ನನ್ನ ಮುಖ ನೋಡಿಯೇ ಕೇಳುತ್ತಿದ್ದರು. ಸುಶೀಲಾ ಆಗಾಗ ಸಾಕಾಯಿತು ಎನ್ನುತ್ತಿದ್ದಳು. ನನ್ನ ಉತ್ತರ ಸಿದ್ಧವಾಗಿರುತ್ತಿತ್ತು: "ಶಿಸ್ತು ಅಂದ್ರ ಹಂಗ."

ಈಗ, ಇದನ್ನು ಬರೆಯುತ್ತಿರುವಾಗ, ಅವಳು ಕೆಳಗೆ ಹೋಗಿ ಮೆಂತ್ಯದ ಕಟ್ಟು ಹಿಡಿದುಕೊಂಡು ಬಂದಳು. ಮೂರೂ ಮಹಡಿ, ಕಟಕಟೆ ಹಿಡಿದು, ಎರಡು ಕಡೆ ನಿಂತು. ಕುರ್ಚಿಯಲ್ಲಿ ಕುಸಿದು ಪಕ್ಕದ ಮನೆಯ ಗೋಡೆಯ ಕಡೆ ನೋಡುತ್ತ, "ಎಷ್ಟ ವರ್ಷ ಆತ್ರಿ, ಹಿಂಗ ಅಳದು ಅಳದು ಉಂಡು? ನನಗ ಸಾಕಾಗೇದ," ಎಂದಳು.

"ನನಗೂ," ಎಂದೆ.

ಅವಳು ನನ್ನ ಕಡೆ ತಿರುಗಿ ಮೆಂತ್ಯದ ಕಟ್ಟು ಬಿಚ್ಚಿದಳು. "ಇಷ್ಟ ದಿನ ಎಲ್ಲಿ ಮುಚ್ಚಿಟ್ಟಿದ್ರಿ ಈ ಮಾತ? ಬರ್ರಿ, ಪಲ್ಯಾ ಸೋಸೂಣು."

ಇಬ್ಬರೂ ಕುಳಿತು ಎಲೆ ಬಿಡಿಸಿದೆವು. ಊಟ ಎಂದಿನದೇ ಆಯಿತು: ಅವಳಿಗೆ ಒಂದೂವರೆ ರೊಟ್ಟಿ, ನನಗೆ ಎರಡು. ದಣಿವು ಮಾತ್ರ ಇವತ್ತು ಇಬ್ಬರಿಗೂ ಸಮನಾಗಿ ಪಾಲಾಯಿತು.