ಕಣ್ಣಿನ ಪರೀಕ್ಷೆಗೆಂದು ಕರೆತಂದ ಯಜಮಾನರು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಹೆಬ್ಬಾಳದ ಬಳಿಯ ಒಂದು ಖಾಸಗಿ ಆಸ್ಪತ್ರೆಯ ಮಾನಸಿಕ ಆರೋಗ್ಯ ವಾರ್ಡಿನಲ್ಲಿ ಸೋಷಿಯಲ್ ವರ್ಕರ್ ಆಗಿದ್ದೆ. ಔಷಧ ಬರೆಯುವುದು ವೈದ್ಯರ ಕೆಲಸ. ದಾಖಲಾಗುವ ಮುನ್ನ ಈ ವಾರ್ಡ್ ಎಂಥದ್ದು, ಬಾಗಿಲಿಗೆ ಬೀಗ ಏಕೆ, ಮನೆಯವರು ಯಾವಾಗ ಬರಬಹುದು, ಒಪ್ಪಿಗೆಯಾಗದಿದ್ದರೆ ಯಾರಿಗೆ ದೂರು ಕೊಡಬಹುದು ಎಂದು ರೋಗಿಗೂ ಮನೆಯವರಿಗೂ ತಿಳಿಸಿ ಹೇಳುವುದು ನನ್ನದು. ಡಿಮೆನ್ಷಿಯಾ ಎಂದರೆ ನೆನಪು, ವಿವೇಚನೆ ಎರಡೂ ಕ್ರಮೇಣ ಕುಂದುವ ಕಾಯಿಲೆ. ಅಂಥ ರೋಗಿಗಳ ಮನೆಯವರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದೇ: "ಇವರಿಗೆ ಹೇಳಿ ಏನು ಪ್ರಯೋಜನ?"

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಮುನಿರಾಜಪ್ಪನವರು ಬಂದರು. ಅಮೃತಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸಿದ್ದವರು, ಎಪ್ಪತ್ತು ದಾಟಿತ್ತು. ಜೊತೆಗೆ ಹೆಂಡತಿ ಜಯಮ್ಮ, ಮತ್ತು ಸಂಜಯನಗರದ ಶಾಲೆಯೊಂದರಲ್ಲಿ ಪಾಠ ಹೇಳುವ ಮಗಳು ಮಂಜುಳಾ. ಅಪ್ಪನಿಗೆ ಕಣ್ಣಿನ ಪರೀಕ್ಷೆ ಎಂದು ಸುಳ್ಳು ಹೇಳಿ ಕರೆತಂದಿದ್ದರು.

ಮೊದಲ ಮಾತಿಗೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಜಯಮ್ಮನವರನ್ನು ಏನು ಕೇಳಿದರೂ ಉತ್ತರ ಮಗಳಿಂದ ಬರುತ್ತಿತ್ತು. ಆ ಬಿಸಿಲಲ್ಲೂ ಜಯಮ್ಮ ಉದ್ದ ತೋಳಿನ ಸ್ವೆಟರ್ ಹಾಕಿದ್ದರು. ಮಂಜುಳಾ ಫೋನಿನಲ್ಲಿ ಮಾತಾಡುತ್ತಿದ್ದಾಗ ಮುನಿರಾಜಪ್ಪನವರು ನನ್ನ ಕಡೆಗೆ ಬಗ್ಗಿ ದನಿ ತಗ್ಗಿಸಿದರು.

"ತಾಯಿ, ಆ ಹುಡ್ಗಿ ನನ್ನ ರೂಮ್ಗೆ ಬೀಗ ಹಾಕ್ತಾಳೆ. ನಮ್ಮ ಜಯನ್ನೂ ಎಲ್ಲೋ ಬಚ್ಚಿಟ್ಟವ್ಳೆ."

ಜಯಮ್ಮ ಅವರ ಪಕ್ಕದಲ್ಲೇ ಕೂತಿದ್ದರು. ಆ ಎರಡನೆಯ ಮಾತು ಕಾಯಿಲೆಯದು ಎಂದು ತಿಳಿಯಿತು. ಆದರೆ ಬೀಗದ ಮಾತು?

ಮಂಜುಳಾಳನ್ನು ಪಕ್ಕಕ್ಕೆ ಕರೆದು, ಯಜಮಾನರಿಗೆ ನಿಜ ಹೇಳದೆ ವಾರ್ಡಿನ ಒಳಗೆ ಕರೆದೊಯ್ಯುವಂತಿಲ್ಲ ಎಂದೆ. ಅವಳಿಗೆ ಸಿಟ್ಟು ಬಂತು. "ಹೇಳಿದ್ರೆ ಅವ್ರು ಒಳಗೇ ಬರಲ್ಲ ಮೇಡಂ. ನಾಳೆ ಮರ್ತೂ ಹೋಗ್ತಾರೆ. ಸೀದಾ ಅಡ್ಮಿಟ್ ಮಾಡ್ಕೊಳ್ಳಿ." ಒಬ್ಬೊಬ್ಬರ ಹತ್ತಿರ ಬೇರೆಯಾಗಿ ಮಾತಾಡಬೇಕೆಂದಾಗ, "ಅಮ್ಮನ್ನ ಒಬ್ಬಳನ್ನೇ ಬಿಡಲ್ಲ" ಎಂದಳು. ನನ್ನ ಅನುಮಾನ ಬಲವಾಯಿತು. ಡಾಕ್ಟರು ಅಪ್ಪನ ವಿಷಯ ಕೇಳಲು ಅವಳನ್ನು ಒಳಗೆ ಕರೆದರು. ಆಗ ನಾನು ಜಯಮ್ಮನವರನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದೆ.

"ತೋಳು ತೋರಿಸ್ತೀರಾ ಅಮ್ಮಾ?"

"ಬಚ್ಚಲಲ್ಲಿ ಬಿದ್ದೆ" ಎನ್ನುತ್ತ ಸ್ವೆಟರ್ ಸರಿಸಿದರು. ಬಿದ್ದ ಪೆಟ್ಟಿಗೆ ಬೆರಳುಗಳ ಗುರುತು ಇರುವುದಿಲ್ಲ.

"ಮಗಳಾ?"

ಅವರು ಹೌಹಾರಿದರು. "ಅಯ್ಯೋ, ಅವಳ ಮೇಲೆ ಪಾಪ ಹಾಕ್ಬೇಡಿ! ಸಂಜೆ ಆದ್ರೆ ಇವ್ರಿಗೆ ನನ್ನ ಗುರುತೇ ಸಿಗಲ್ಲ. ಯಾರೋ ಕಳ್ಳಿ ಮನೆಗೆ ನುಗ್ಗಿದಾಳೆ ಅಂತ ಹಿಡಿದು ಹೊರಗೆ ತಳ್ತಾರೆ. ಅದಕ್ಕೇ ಅವ್ಳು ಬೀಗ ಹಾಕೋದು. ಯಾರಿಗೂ ಹೇಳ್ಬೇಡ ಅಂತ ನಾನೇ ಆಣೆ ಹಾಕಿಸ್ಕೊಂಡಿದೀನಿ. ಜನ್ಮದಲ್ಲಿ ನನ್ನ ಮೇಲೆ ಕೈ ಎತ್ತಿದ ಮನುಷ್ಯ ಅಲ್ಲ ಅವ್ರು. ಈಗ ನೀವು ಹೆಂಡ್ತಿಗೆ ಹೊಡೆಯೋನು ಅಂತ ಬರ್ಕೊಂಡ್ಬಿಟ್ರೆ?"

ಕಾಯಿಲೆ ಮಾಡಿಸಿದ್ದನ್ನು ಕಾಯಿಲೆಯದೆಂದೇ ಬರೆಯುತ್ತೇವೆ, ಆದರೆ ಇದನ್ನು ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ ಎಂದೆ. ಅವರು ಬಹಳ ಹೊತ್ತು ಅತ್ತು, ಕೊನೆಗೆ ಒಪ್ಪಿದರು.

ಆಮೇಲೆ ಎಲ್ಲರೂ ಒಟ್ಟಿಗೆ ಕೂತೆವು. ಮುನಿರಾಜಪ್ಪನವರಿಗೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿದೆ: ಇದು ಕಣ್ಣಿನ ಆಸ್ಪತ್ರೆಯಲ್ಲ, ಮನಸ್ಸಿನ ಕಾಯಿಲೆಯ ವಾರ್ಡ್. ಕೆಲವು ದಿನ ನೀವು ಇಲ್ಲಿರಬೇಕಾಗಬಹುದು.

ಅವರ ಮುಖ ಬಿಗಿಯಿತು. "ಬಾಗಿಲ್ಗೆ ಬೀಗ ಐತಾ?"

"ಇದೆ."

"ಕೀ ಯಾರತ್ರ?"

"ನರ್ಸ್ ಹತ್ರ."

"ಇದು ಜೈಲೇ ಕಣಮ್ಮಾ! ನಾನೇನು ತಪ್ಪು ಮಾಡಿವ್ನಿ?"

"ತಪ್ಪಲ್ಲ, ಯಜಮಾನ್ರೇ. ಸಂಜೆ ಹೊತ್ತು ನಿಮಗೆ ಭಯ ಆಗುತ್ತೆ. ಮನೆಯವರ ಗುರುತು ಸಿಗಲ್ಲ. ಆಗ ಕೈ ಮಾಡ್ತೀರಿ."

"ಯಾರ್ ಮೇಲೆ?"

ಜಯಮ್ಮನೇ ಸ್ವೆಟರ್ ಸರಿಸಿ ತೋಳು ಮುಂದೆ ಚಾಚಿದರು. "ನನ್ನ ಮೇಲೆ ಕಣ್ರೀ."

ಆ ಗಳಿಗೆಯಲ್ಲಿ ಅವರಿಗೆ ಹೆಂಡತಿಯ ಗುರುತು ಸಿಕ್ಕಿತ್ತು. ಕಂದಿದ ಚರ್ಮವನ್ನು ಮೆಲ್ಲಗೆ ಮುಟ್ಟಿ, "ಯಾವನೇ ಜಯಾ ಇಂಗ್ ಮಾಡ್ದೋನು? ಅಂಥೋನ್ನ ಮನೇಲಿ ಇಟ್ಕೋಬ್ಯಾಡ" ಎಂದರು.

ಮಂಜುಳಾ ನನ್ನ ಮುಖ ನೋಡಿದಳು. ಇದನ್ನೇ ಒಪ್ಪಿಗೆ ಎಂದುಕೊಳ್ಳಬಹುದಲ್ಲ ಎಂಬ ಆಸೆ ಅವಳ ಕಣ್ಣಲ್ಲಿತ್ತು. ಆದರೆ ಯಾರ ಬಗ್ಗೆ ಹೇಳುತ್ತಿದ್ದಾರೆಂದು ಅವರಿಗೇ ತಿಳಿಯದ ಮಾತು ಒಪ್ಪಿಗೆಯಾಗುವುದಿಲ್ಲ. "ಅದು ನೀವೇ, ಯಜಮಾನ್ರೇ. ಕಾಯಿಲೆ ಮಾಡಿಸಿದ್ದು" ಎಂದೆ. ಅವರು ನನ್ನನ್ನು ಸುಳ್ಳುಗಾರ್ತಿಯನ್ನು ನೋಡುವಂತೆ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. "ಜಯ ದಿನಾ ಬತ್ತಾಳಾ?" ಎಂದು ಕೇಳಿದರು. ಬರುತ್ತಾರೆ ಎಂದೆ. ಎದ್ದು ನಿಂತರು.

ಅಷ್ಟರಿಂದಲೇ ಕೆಲಸ ಮುಗಿಯಲಿಲ್ಲ. ರೋಗಿಗೆ ತಾನೇ ನಿರ್ಧರಿಸುವ ಶಕ್ತಿ ಇಲ್ಲದಾಗ ಮಾನಸಿಕ ಆರೋಗ್ಯ ಕಾಯ್ದೆ ಹೇಳುವಂತೆ ಮನೋವೈದ್ಯರೊಬ್ಬರು, ಇನ್ನೊಬ್ಬ ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಿದರು. ಅಪ್ಪನ ಪರವಾಗಿ ಒಪ್ಪಿಗೆ ಕೊಡುವ ಪ್ರತಿನಿಧಿಯೆಂದು ಮಗಳನ್ನು ಗುರುತಿಸಿ ದಾಖಲು ಮಾಡಿಕೊಂಡೆವು. ಮೂತ್ರದ ಸೋಂಕು ಇದ್ದದ್ದು ಪತ್ತೆಯಾಯಿತು. ವಯಸ್ಸಾದವರಲ್ಲಿ ಇಂಥ ಗೊಂದಲವನ್ನು ಅದು ಹೆಚ್ಚಿಸುತ್ತದೆ; ಅದಕ್ಕೂ ಚಿಕಿತ್ಸೆ ನಡೆಯಿತು. ಪ್ರತಿ ಬೆಳಿಗ್ಗೆ ಅವರು "ಇದ್ಯಾವ ಜಾಗ?" ಎನ್ನುವರು, ನಾನು ಮತ್ತೆ ಮೊದಲಿನಿಂದ ಹೇಳುವೆ. ಕೆಲವು ದಿನ ಬೈದರು, ಕೆಲವು ದಿನ ತಲೆಯಾಡಿಸಿದರು. ತಿಂಗಳೊಳಗೆ ಮನೆಗೆ ಹೋದರು. ಮರೆವು ಹಾಗೇ ಉಳಿಯಿತು, ಸಂಜೆಯ ರೌದ್ರ ಇಳಿಯಿತು.

ಹೊರಡುವ ದಿನ ಮಂಜುಳಾ ಕೇಳಿದಳು, "ನನ್ನ ಮೇಲೇ ಡೌಟ್ ಪಟ್ರಿ ಅಲ್ವಾ ಮೇಡಂ?"

"ಹೌದು."

"ಬೇಜಾರಾಯ್ತು. ಆದ್ರೆ ನೆಂಟರು, ಅಕ್ಕಪಕ್ಕದವರು, ಇಷ್ಟು ದಿನ ಒಬ್ರೂ ಒಂದು ಮಾತು ಕೇಳಿರಲಿಲ್ಲ."

ನಿಜ ಹೇಳುವುದು ರೋಗಿ ನೆನಪಿಟ್ಟುಕೊಳ್ಳಲಿ ಎಂದಲ್ಲ, ಕೇಳಿಸಿಕೊಳ್ಳುವ ಆ ಗಳಿಗೆಯಲ್ಲಿ ಆತ ಪೂರ್ತಿ ಮನುಷ್ಯ ಎಂಬ ಕಾರಣಕ್ಕೆ. ಅನುಮಾನವನ್ನೂ ಒಳಗೇ ಇಟ್ಟುಕೊಳ್ಳದೆ ಬಾಯಿಬಿಟ್ಟು ಕೇಳಬೇಕೆಂದು ಈ ವೃತ್ತಿ ನನಗೆ ಕಲಿಸಿತು. ಅಂಥ ಪ್ರಶ್ನೆ ಎದುರಿಸಿದವರಿಗೆ ನೋವಾಗುತ್ತದೆ. ಯಾರೂ ಪ್ರಶ್ನೆ ಕೇಳದೆ ಬಿಟ್ಟರೆ ಅದಕ್ಕಿಂತ ಹೆಚ್ಚು.