ಎರಡೇ ಸೀಟಿನ ಕಾರು

“ಭಾರ ಸಾಲದು, ಇಬ್ಬರು ಹತ್ತಿ ಕೂತ್ಕೊಳ್ಳಿ!” ಕಾರಿನಡಿಯಿಂದ ನಮ್ಮ ಯಜಮಾನರು ಕೂಗಿದರು. ಕೊಡಗು ಮೈಸೂರಿಗೆ ಸೇರಿದ ಹೊಸತು. ವಿಲಾಯತಿಗೆ ಮರಳಿದ ಎಸ್ಟೇಟ್ ದೊರೆಯಿಂದ ಕೊಂಡ ಹಳೆಯ ಸ್ಪೋರ್ಟ್ಸ್ ಕಾರಿಗೆ, ಕಾಫಿ ಕಣದಲ್ಲೇ ಸಸ್ಪೆನ್ಷನ್ನಿನ ಸವೆದ ರಬ್ಬರ್ ಬುಷ್ ಬದಲಿಸುತ್ತಿದ್ದರು. ಕಾರಿನ ಮೇಲೆ ಭಾರವಿದ್ದಾಗಲೇ ಬೋಲ್ಟ್ ಬಿಗಿಯಬೇಕು, ಇಲ್ಲವಾದರೆ ಹೊಸ ರಬ್ಬರೂ ತಿರುಚಿ ಹರಿಯುತ್ತದಂತೆ. ಒಂದು ಸೀಟಿಗೆ ನಾನಿದ್ದೆ. ಇನ್ನೊಂದಕ್ಕೆಂದು ಕಾಫಿ ಮೂಟೆ ಎಳೆಯಹೊರಟೆ.

“ಮೂಟೆ ಯಾಕೆ, ನಾನಿಲ್ವಾ?” ಎಂದರು ಅತ್ತೆ. ‘ಇದರಲ್ಲಿ ನನಗೆಲ್ಲಿ ಜಾಗ?’ ಎಂದು ಮುನಿದು, ಕಾರು ಬಂದಂದಿನಿಂದ ಅದರ ಹತ್ತಿರವೂ ಸುಳಿಯದಿದ್ದವರು ಸೆರಗು ಸಿಕ್ಕಿಸಿ ಹತ್ತಿ ಕೂತರು. ಬೋಲ್ಟ್ ಬಿಗಿದಾಯಿತು, ಯಜಮಾನರು ಕೈ ತೊಳೆದೂ ಆಯಿತು. ಅತ್ತೆ ಇಳಿಯಲೇ ಇಲ್ಲ.

ಆಮೇಲೆ ಸಂತೆಗೆ ಕಾರು ಹೊರಟಾಗಲೆಲ್ಲ ಆ ಸೀಟು ಅವರದೇ. ಬಸ್ಸಿಗೆ ಕಾಯುತ್ತ ನಿಂತ ನನಗೆ ತಪ್ಪದೆ ಕೈ ಬೀಸುತ್ತಿದ್ದರು.